ಬಾಟಲಿ ಮೇಲಿನ ಇಂಗ್ಲಿಷ್: ಒಂದೇ ಥರ ಕಂಡರೂ ಅರ್ಥ ಬೇರೆ

ಕನಮಡಿ, ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಇಂಗ್ಲಿಷ್ ಪದಗಳಿಗೇನೂ ಕೊರತೆಯಿಲ್ಲ. ಔಷಧಿ ಬಾಟಲಿ, ಸಾಲಪತ್ರ, ವಿಮೆ ರಸೀದಿ ತುಂಬ ಅವೇ. ಒಂದನ್ನೊಂದು ಹೋಲುವ ಪದಗಳ ಪಟ್ಟಿ ಬಾಯಿಪಾಠ ಮಾಡಿದರೆ ಬೇಗ ಮರೆತುಹೋಗುತ್ತದೆ. ಮನೆಯ ಕಾಗದ, ಬಾಟಲಿಗಳನ್ನೇ ಮುಂದಿಟ್ಟುಕೊಂಡು, ಹೈಸ್ಕೂಲಿಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ಕಲಿತರೆ ಉಳಿಯುತ್ತದೆ.

ಹೋಲುವ ಪದಗಳನ್ನು ಮೊದಲು ಒಂದರ ಕೆಳಗೊಂದು ಬರೆಯಿರಿ. ಬೇರೆಯಾಗಿರುವ ಅಕ್ಷರಗಳಿಗಷ್ಟೇ ಗೆರೆ ಎಳೆಯಿರಿ. ವ್ಯತ್ಯಾಸ ಪದದ ತಲೆಯಲ್ಲಿದೆಯೋ ಬಾಲದಲ್ಲಿದೆಯೋ ತಿಳಿಯುತ್ತದೆ.

ನಂತರ ತಲೆ ನೋಡಿ. ಇನ್ಸೆಕ್ಟಿಸೈಡ್, ಫಂಗಿಸೈಡ್, ಹರ್ಬಿಸೈಡ್. ಮೂರರಲ್ಲೂ 'ಸೈಡ್' ಎಂದರೆ ಕೊಲ್ಲುವಂಥದ್ದು. ಕೀಟವನ್ನೋ, ಶಿಲೀಂಧ್ರವನ್ನೋ, ಸಸ್ಯವನ್ನೋ ಎಂಬುದನ್ನು ತಲೆ ಹೇಳುತ್ತದೆ. ಡೌನಿ ರೋಗಕ್ಕೂ ಬೂದಿ ರೋಗಕ್ಕೂ ಬೇಕಾದದ್ದು ಫಂಗಿಸೈಡ್. ಹರ್ಬಿಸೈಡ್ ಕಳೆನಾಶಕ. 2,4-ಡಿ ಎಂಬ ಕಳೆನಾಶಕದ ತುಂತುರು ಪಕ್ಕದ ಹೊಲದಿಂದ ಗಾಳಿಗೆ ತೇಲಿ ಬಂದರೂ ದ್ರಾಕ್ಷಿ ಎಲೆ ಮುರುಟುತ್ತದೆ. ಅದನ್ನು ಹೊಡೆದ ಪಂಪನ್ನು ದ್ರಾಕ್ಷಿ ತೋಟಕ್ಕೆ ಒಯ್ಯಲೇಬೇಡಿ.

ಇನ್ನು ಬಾಲ. ಇದನ್ನು ಪ್ರತಿಯೊಬ್ಬ ಬೆಳೆಗಾರರೂ ಕಲಿಯಬೇಕೆಂಬುದು ನನ್ನ ಒತ್ತಾಯ. ಕಂಪನಿ ಇಟ್ಟ ದಪ್ಪಕ್ಷರದ ಹೆಸರು ಬಿಟ್ಟು, ಸಣ್ಣಕ್ಷರದ ತಾಂತ್ರಿಕ ಹೆಸರು ಓದಿ. ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್: ತಲೆ ಬೇರೆ, ಬಾಲ ಒಂದೇ. ಮೂರೂ ಒಂದೇ ಮನೆತನದವು, ಶಿಲೀಂಧ್ರವನ್ನು ಹೊಡೆಯುವ ರೀತಿಯೂ ಒಂದೇ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದ ಮೇಲೆ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಹೊಡೆದು 'ಔಷಧಿ ಬದಲಿಸಿದೆವು' ಎಂದುಕೊಂಡರೆ ದುಡ್ಡು ಹೋಗುತ್ತದೆ, ರೋಗ ಮಾತ್ರ ಔಷಧಿಗೆ ಒಗ್ಗಿಕೊಳ್ಳುತ್ತದೆ. 'ಸ್ಟ್ರೋಬಿನ್' ಎಂದು ಮುಗಿಯುವವು ಬೇರೆ ಮನೆತನ. ಔಷಧಿ ಬದಲಿಸುವಾಗ ಬಾಲವೂ ಬದಲಾಗಿದೆಯೇ ನೋಡಿ.

ಒಂದನ್ನೊಂದು ಹೋಲುವ ಇನ್ನೊಂದು ಜೋಡಿ ನೋಡಿ. ಸಿಸ್ಟಮಿಕ್ ಎಂದರೆ ಗಿಡದೊಳಗೆ ಸೇರಿ ಹರಡುವ ಔಷಧಿ. ಸಿಸ್ಟಮ್ಯಾಟಿಕ್ ಎಂದರೆ ಕ್ರಮಬದ್ಧ, ಔಷಧಿಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಕಡೆ ಮಾತ್ರ ತಲೆಯನ್ನು ನಂಬಬೇಡಿ. ವ್ಯಾಲಿಡ್ ಎಂದರೆ ಚಾಲ್ತಿಯಲ್ಲಿರುವುದು, ಇನ್‌ವ್ಯಾಲಿಡ್ ಎಂದರೆ ಚಾಲ್ತಿಯಲ್ಲಿ ಇಲ್ಲದ್ದು. ಆದರೆ ಫ್ಲೇಮಬಲ್ ಎಂದರೂ ಇನ್‌ಫ್ಲೇಮಬಲ್ ಎಂದರೂ ಬೆಂಕಿ ಹತ್ತುವಂಥದ್ದೇ. ಇವೆರಡರಲ್ಲಿ ಯಾವುದೇ ಇದ್ದರೂ ಡಬ್ಬಿಯನ್ನು ಒಲೆಯಿಂದ, ಮೋಟರ್ ಸ್ಟಾರ್ಟರಿನಿಂದ ದೂರ ಇಡಿ.

ಬ್ಯಾಂಕಿನ ಕಾಗದಕ್ಕೆ ಬನ್ನಿ. 'ಪ್ರಿನ್ಸಿಪಲ್' ಪದದ ಕೊನೆಯಲ್ಲಿ ಎ, ಎಲ್ ಇದ್ದರೆ ಅಸಲು (ಶಾಲೆಯ ಮುಖ್ಯಸ್ಥರಿಗೂ ಅದೇ ಪದ). ಎಲ್, ಇ ಇದ್ದರೆ ತತ್ವ. ಎ ಎಂದರೆ ಅಸಲು ಎಂದು ನೆನಪಿಟ್ಟುಕೊಳ್ಳಿ. ಲೆಸ್ಸರ್ ಎಂದರೆ ಹೊಲ ಲಾವಣಿಗೆ ಕೊಟ್ಟವರು, ಲೆಸ್ಸೀ ಎಂದರೆ ಹಿಡಿದವರು. ಚೆಕ್ಕಿನಲ್ಲಿ ಪೇಯೀ ಎಂದರೆ ಹಣ ಪಡೆಯುವವರು. 'ಈ' ಎಂದು ಮುಗಿದರೆ ಸಾಮಾನ್ಯವಾಗಿ ಪಡೆಯುವ ಕಡೆಯವರು. ಬೆಳೆವಿಮೆಯಲ್ಲಿ ಇನ್ಶೂರರ್ ಕಂಪನಿ, ಇನ್ಶೂರ್ಡ್ ನೀವು. ಸಹಿ ಯಾವ ಪದದ ಕೆಳಗೆ ಮಾಡುತ್ತಿದ್ದೀರಿ ಎಂದು ನೋಡಿಯೇ ಪೆನ್ನು ಊರಿ.

ಅವಸರದಲ್ಲಿ ಏನೂ ಓದಲಾಗದಿದ್ದರೆ ಬಾಟಲಿಯ ಬಣ್ಣದ ತ್ರಿಕೋನ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅತಿ ಹೆಚ್ಚು ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರಿದ್ದರೂ ಬರಿಗೈಯಲ್ಲಿ ಕಲಸಬಾರದು. ಬಾಟಲಿಯ ಜೊತೆ ಬರುವ ಮಡಚಿದ ಚೀಟಿಯನ್ನು ಎಸೆಯುವ ಮೊದಲು ಅದರಲ್ಲಿ ಕನ್ನಡ ಇದೆಯೇ ಹುಡುಕಿ. ಅನುಮಾನ ಉಳಿದರೆ ತಾಂತ್ರಿಕ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿ ಕಿಸಾನ್ ಕಾಲ್ ಸೆಂಟರಿನಲ್ಲಿ ಕನ್ನಡದಲ್ಲೇ ಕೇಳಿ: 1800-180-1551. ಕರೆಗೆ ಶುಲ್ಕವಿಲ್ಲ.