ನಕಾಶೆಯೂ ಊರಿನ ಆಡಳಿತವೂ

ನಮ್ಮ ಮ್ಹಾಪಸಾ ಊರಿನ ಹೆಸರಿನಲ್ಲಿಯೇ ಅಳತೆಯ ಮಾತು ಅಡಗಿದೆಯೆಂದು ಇಲ್ಲಿಯ ಹಿರಿಯರು ಹೇಳುವುದುಂಟು. ಕೊಂಕಣಿಯಲ್ಲಿ ‘ಮಾಪ’ವೆಂದರೆ ಅಳತೆ, ಬಾರ್ದೇಶ ತಾಲೂಕಿನ ಹಳ್ಳಿಗಳಿಂದ ಸಂತೆಗೆ ಬಂದ ಮಾಲನ್ನು ಅಳೆದು ತುಂಬುತ್ತಿದ್ದ ಸ್ಥಳವಾದುದರಿಂದ ಈ ಹೆಸರು ಬಂದಿತೆಂಬುದು ಅವರ ವಿವರಣೆ. ಸಂತೆಯಲ್ಲಿ ಮಾಪು ಎಲ್ಲರ ಕಣ್ಣೆದುರಿಗಿರುವುದು. ಕೊಳ್ಳುವವನೂ ಮಾರುವವನೂ ಅದನ್ನು ಮುಟ್ಟಿ ನೋಡಬಲ್ಲರು. ನೆಲವನ್ನು ಅಳೆದ ಲೆಕ್ಕಕ್ಕೂ ಇದೇ ನಿಯಮವು ಸಲ್ಲಬೇಕೆಂಬುದನ್ನು ನಮ್ಮ ಮೇಲ್ತರಗತಿಯ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಇಲ್ಲಿ ತಿಳಿಯಹೇಳಲು ಯತ್ನಿಸುವೆವು.

ಮೊದಲು ಸ್ಥಳಮಾಹಿತಿಯೆಂದರೇನೆಂಬುದನ್ನು ನೋಡೋಣ. ‘ಈ ವಾರ್ಡಿನಲ್ಲಿ ಇಪ್ಪತ್ತು ಸಾರ್ವಜನಿಕ ನಳಗಳಿವೆ’ ಎಂಬುದು ಬರಿಯ ಸಂಖ್ಯೆ. ಅವು ಯಾವ ಯಾವ ಓಣಿಯಲ್ಲಿವೆ, ದಿಬ್ಬದ ಮೇಲೋ ತಗ್ಗಿನಲ್ಲೋ, ಮನೆಗಳಿಂದ ಎಷ್ಟು ದೂರ ಎಂಬುದು ಸೇರಿದಾಗ ಅದು ಸ್ಥಳಮಾಹಿತಿಯಾಗುವುದು. ಇಪ್ಪತ್ತೂ ನಳಗಳು ಒಂದೇ ಬೀದಿಯಲ್ಲಿದ್ದರೂ ಸಂಖ್ಯೆಯು ಅದನ್ನು ಹೇಳದು, ನಕಾಶೆಯು ಮುಚ್ಚಿಡದು.

ಆದರೆ ನಕಾಶೆಗಳು ಬಹುಕಾಲ ಆಳುವವರ ಸೊತ್ತಾಗಿದ್ದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದೊಡನೆ ಕಂಪನಿ ಸರಕಾರವು ಕಾಲಿನ್ ಮೆಕೆಂಝಿಯಿಂದ ಮೈಸೂರು ಸೀಮೆಯ ಮೋಜಣಿ ಮಾಡಿಸಿತು. ಅದು ಸೈನ್ಯಕ್ಕಾಗಿ, ಕಂದಾಯಕ್ಕಾಗಿ, ರೈತನು ನೋಡಲೆಂದಲ್ಲ. ಸ್ವಾತಂತ್ರ್ಯಾನಂತರವೂ ಈ ಪದ್ಧತಿಯು ಬೇಗನೆ ಹೋಗಲಿಲ್ಲ. ಭಾರತೀಯ ನಾಗರಿಕನು ಪೂರ್ವಾನುಮತಿಯಿಲ್ಲದೆ ಸ್ಥಳಮಾಹಿತಿಯನ್ನು ಸಂಗ್ರಹಿಸಿ ನಕಾಶೆ ತಯಾರಿಸಬಹುದೆಂದು ಕೇಂದ್ರ ಸರಕಾರವು ಸ್ಪಷ್ಟವಾಗಿ ಸಾರಿದುದು 2021ರ ಫೆಬ್ರವರಿಯಲ್ಲಿ. ಕೆಲವು ಸೂಕ್ಷ್ಮ ಸ್ಥಳಗಳ ವಿಷಯದಲ್ಲಿ ಮಾತ್ರ ನಿರ್ಬಂಧಗಳು ಉಳಿದಿವೆ.

ಮಾಹಿತಿಯನ್ನು ಹಂಚಿಕೊಂಡುದರಿಂದ ಸ್ಥಳೀಯ ಆಡಳಿತದ ನಿರ್ಣಯವೊಂದು ಹೇಗೆ ಸುಧಾರಿಸಿತೆಂಬುದಕ್ಕೆ ಲಂಡನ್ನಿನ ಒಂದು ಪ್ರಸಿದ್ಧ ಉದಾಹರಣೆಯುಂಟು. 1854ರಲ್ಲಿ ಅಲ್ಲಿಯ ಬ್ರಾಡ್ ಸ್ಟ್ರೀಟಿನ ಸುತ್ತಮುತ್ತ ಕಾಲರಾ ಬೇನೆಯಿಂದ ಆರುನೂರಕ್ಕೂ ಮಿಕ್ಕಿ ಜನರು ಸತ್ತರು. ಜಾನ್ ಸ್ನೋ ಎಂಬ ವೈದ್ಯನು ನಕಾಶೆ ಬರೆದು, ಅದರಿಂದ ಕೆಟ್ಟ ನೀರಿನ ಪಂಪನ್ನು ಕಂಡುಹಿಡಿದನೆಂದು ಅನೇಕ ಪುಸ್ತಕಗಳು ಹೇಳುತ್ತವೆ. ನಡೆದುದು ಹಾಗಲ್ಲ. ಅವನು ಮರಣ ನೋಂದಣಿಯ ಕಚೇರಿಯಿಂದ ಸತ್ತವರ ಪಟ್ಟಿಯನ್ನು ಪಡೆದನು. ಆ ವಿಳಾಸಗಳ ಜಾಡು ಹಿಡಿದು ಯಾರು ಎಲ್ಲಿಯ ನೀರು ಕುಡಿದರೆಂದು ವಿಚಾರಿಸಿದನು. ಸ್ಥಳೀಯ ಮಂಡಳಿಯವರನ್ನು ಒಪ್ಪಿಸಿ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿದನು. ಬೇನೆಯು ಆ ಹೊತ್ತಿಗೆ ಇಳಿಮುಖವಾಗಿದ್ದಿತು. ನಕಾಶೆಯು ಬಂದುದು ಅನಂತರ. ಕಚೇರಿಯು ಪಟ್ಟಿಯನ್ನು ಕೊಡದಿದ್ದರೆ ಸ್ನೋ ಏನು ಮಾಡಬಹುದಾಗಿತ್ತು? ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಪೇಟೆಯ ಪಾದ್ರಿಯಾದ ಹೆನ್ರಿ ವೈಟ್‌ಹೆಡ್ ಸ್ನೋವಿನ ವಾದವನ್ನು ಮೊದಲು ನಂಬದೆ ತಾನೇ ಮನೆಮನೆ ತಿರುಗಿ ವಿಚಾರಿಸಿದನು. ಕೊನೆಗೆ ಪಂಪಿನ ಪಕ್ಕದ ಮನೆಯೊಂದರಲ್ಲಿ ಮೊದಲು ಬೇನೆ ಬಿದ್ದ ಹಸುಗೂಸನ್ನು ಗುರುತಿಸಿ, ಸ್ನೋವಿನ ವಾದಕ್ಕೆ ಬಲ ತಂದವನೂ ಅವನೇ. ಅವನಿಗೆ ಓಣಿಯ ಜನರು ಪರಿಚಿತರು. ವೈದ್ಯನಿಗೆ ಆ ಪರಿಚಯವಿರಲಿಲ್ಲ.

ಇನ್ನು ನಮ್ಮ ಗೋವೆಯ ಸಂಗತಿ. ಯಾವ ಜಮೀನು ವಸತಿಗೆ, ಯಾವುದು ಬೇಸಾಯಕ್ಕೆ, ಯಾವುದು ಕಾಡಿಗೆ ಎಂದು ಬಣ್ಣಗಳಿಂದ ಗುರುತಿಸುವ ದಸ್ತಾವೇಜಿಗೆ ಇಲ್ಲಿ ಪ್ರಾದೇಶಿಕ ಯೋಜನೆಯೆಂದು ಹೆಸರು. 2011ನೆಯ ಇಸವಿಯವರೆಗಿನ ಯೋಜನೆಯು 2006ರಲ್ಲಿ ಪ್ರಕಟವಾದಾಗ ಜನರು ನಕಾಶೆಗಳನ್ನು ತೆರೆದು ತಮ್ಮ ತಮ್ಮ ಊರುಗಳನ್ನು ಹುಡುಕಿದರು. ಹಸಿರಾಗಿರಬೇಕಾಗಿದ್ದ ಗುಡ್ಡ-ಗದ್ದೆಗಳು ವಸತಿಯ ಬಣ್ಣ ತಾಳಿದುದನ್ನು ಕಂಡು ಊರೂರುಗಳಲ್ಲಿ ಸಭೆಗಳಾದವು, ‘ಗೋವಾ ಬಚಾವೊ ಅಭಿಯಾನ’ವು ಹುಟ್ಟಿತು, 2007ರ ಜನವರಿಯಲ್ಲಿ ಸರಕಾರವು ಆ ಯೋಜನೆಯನ್ನು ಹಿಂದೆಗೆದುಕೊಂಡಿತು. ಕಾನೂನಿನ ಭಾಷೆಯನ್ನು ಎಂದೂ ಓದದ ಸಾಮಾನ್ಯ ಜನರು ನಕಾಶೆಯ ಬಣ್ಣವನ್ನು ಓದಿದರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಂದೆ 2021ರವರೆಗಿನ ಯೋಜನೆಯ ಕಾರ್ಯದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಂಥ ತಜ್ಞರು ತೊಡಗಿದರು. ಕರಡು ನಕಾಶೆಗಳನ್ನು ಗ್ರಾಮಪಂಚಾಯತಿಗಳಿಗೆ ಕಳುಹಿಸಿ ಅಲ್ಲಿಯವರ ಸಲಹೆಗಳನ್ನು ಕೇಳಲಾಯಿತು. ಇದರಿಂದ ವಿವಾದಗಳೆಲ್ಲ ತೀರಿದವೆಂದು ನಾವು ಹೇಳುತ್ತಿಲ್ಲ; ಭೂಬಳಕೆಯ ವಾದವು ಗೋವೆಯಲ್ಲಿ ಇಂದಿಗೂ ನಡೆದೇ ಇದೆ. ಆದರೆ ತಪ್ಪನ್ನು ಕಟ್ಟಡವೆದ್ದ ಮೇಲೆ ತಿದ್ದುವುದಕ್ಕಿಂತ ಕರಡಿನಲ್ಲಿ ತಿದ್ದುವುದು ಸುಲಭವೆಂಬುದಂತೂ ನಿಶ್ಚಯ.

ನಗರ ಯೋಜನೆಯು ಊರಿನವರ ಅಧಿಕಾರದಲ್ಲಿರಬೇಕೆಂಬುದು ಸಂವಿಧಾನದ ಆಶಯವೂ ಹೌದು. 1992ರ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯ ಹದಿನೆಂಟು ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಜಿಲ್ಲಾ ಯೋಜನಾ ಸಮಿತಿಯು ಪಂಚಾಯತಿ ಮತ್ತು ನಗರಪಾಲಿಕೆಗಳ ಸಮಾನ ಹಿತದ ವಿಷಯಗಳನ್ನು, ಅದರಲ್ಲಿಯೂ ಸ್ಥಳಯೋಜನೆ ಹಾಗೂ ನೀರಿನ ಹಂಚಿಕೆಯನ್ನು ಲಕ್ಷಿಸಬೇಕೆಂದೂ ಅದೇ ತಿದ್ದುಪಡಿಯು ವಿಧಿಸಿದೆ. ಈ ಮಾತಿನ ಅರ್ಥವು ಮ್ಹಾಪಸಾದಲ್ಲಿ ಪ್ರತಿ ಮಳೆಗಾಲಕ್ಕೂ ಕಾಣುವುದು. ಇಲ್ಲಿಯ ದಿಬ್ಬಗಳಿಂದಿಳಿದ ನೀರು ಪೇಟೆಯ ಗಟಾರಗಳನ್ನು ಹಾದು ತಗ್ಗಿನ ಗದ್ದೆಗಳಿಗೂ ನದಿಗೂ ಹೋಗಿ ಕಟ್ಟಕಡೆಗೆ ಮಾಂಡವಿಯನ್ನು ಸೇರಬೇಕು. ನದಿಯಂಚಿನ ತಗ್ಗುಭೂಮಿಗೆ ಖಾಜನವೆಂದು ಹೆಸರು. ಹಿಂದಿನವರು ಅಲ್ಲಿ ಒಡ್ಡು ಕಟ್ಟಿ ಬಾಗಿಲುಗಳನ್ನಿಟ್ಟರು. ಭರತಿಯ ಒತ್ತಡಕ್ಕೆ ಬಾಗಿಲು ತಾನಾಗಿ ಮುಚ್ಚಿ ಉಪ್ಪುನೀರನ್ನು ತಡೆಯುವುದು, ಇಳಿತದಲ್ಲಿ ತೆರೆದು ಮಳೆಯ ನೀರನ್ನು ಬಿಡುವುದು. ಗಟಾರದ ನಕಾಶೆಯು ನಗರಪಾಲಿಕೆಯಲ್ಲಿ, ಒಡ್ಡಿನ ಸ್ಥಿತಿಯ ತಿಳಿವಳಿಕೆಯು ಹಳ್ಳಿಯ ರೈತರಲ್ಲಿ, ಜಮೀನಿನ ಮೋಜಣಿಯು ಇನ್ನೊಂದು ಇಲಾಖೆಯಲ್ಲಿ ಉಳಿದರೆ, ಪೇಟೆಯವರು ಗಟಾರವನ್ನು ಎಷ್ಟು ಅಗಲಗೊಳಿಸಿದರೂ ನೀರು ನಿಲ್ಲುವ ಜಾಗವು ಬದಲಾಗುವುದೇ ಹೊರತು ನೀರು ಹೋಗದು. ಅದು ಪುರಸೀಮೆಯ ಗೆರೆಯನ್ನು ನೋಡಿ ಹರಿಯುವುದಿಲ್ಲವಷ್ಟೆ!

ಇತರರು ಏನು ಮಾಡಿದರು? 1990ರ ದಶಕದ ಆರಂಭದಲ್ಲಿ ಕೇರಳದಲ್ಲಿ ಶಾಸ್ತ್ರಸಾಹಿತ್ಯ ಪರಿಷತ್ತಿನ ಕಾರ್ಯಕರ್ತರೂ ಭೂವಿಜ್ಞಾನಿಗಳೂ ಕೂಡಿ ಪಂಚಾಯತಿಗಳ ಸಂಪನ್ಮೂಲ ನಕಾಶೆಗಳನ್ನು ತಯಾರಿಸಿದರು. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಂಥ ಊರುಗಳಲ್ಲಿ ಸ್ಥಳೀಯ ಸ್ವಯಂಸೇವಕರೇ ಮೋಜಣಿಯ ಹಾಳೆಯನ್ನು ಹಿಡಿದು ತುಂಡು ತುಂಡು ಭೂಮಿಯನ್ನು ನಡೆದು ನೋಡಿ ಮಣ್ಣು, ನೀರು, ಬೆಳೆಗಳನ್ನು ಗುರುತಿಸಿದರು; 1996ರಲ್ಲಿ ಆರಂಭವಾದ ಜನಕೀಯ ಯೋಜನೆಗೆ ಈ ಅನುಭವವು ಒದಗಿತು. ಕರ್ನಾಟಕದಲ್ಲಿ ‘ದಿಶಾಂಕ್’ ಎಂಬ ಸಾಧನದಿಂದ ಮೊಬೈಲು ಹಿಡಿದವನು ತಾನು ನಿಂತ ನೆಲದ ಸರ್ವೇ ನಂಬರನ್ನು ನಿಂತಲ್ಲಿಯೇ ತಿಳಿಯಬಹುದು. ಊರಿಗೆ ರಜೆಗೆ ಹೋದ ವಿದ್ಯಾರ್ಥಿಗಳು ತಮ್ಮ ಹೊಲದಲ್ಲಿ ನಿಂತು ಇದನ್ನು ಪ್ರಯೋಗಿಸಿ ನೋಡಲಿ.

ನಮ್ಮ ಪಾಲಕರಲ್ಲಿ ಬಹುಜನರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗಾಗಿ ಬಂದವರು. ಅವರ ಬಾಡಿಗೆಯ ಖೋಲಿಗಳು ಎಷ್ಟೋ ಕಡೆ ನಕಾಶೆಯಲ್ಲಿ ಇನ್ನೂ ಬಯಲೇ. ಆ ಬಯಲಿಗೆ ನಳವಾಗಲಿ ದೀಪವಾಗಲಿ ಅಂಗನವಾಡಿಯಾಗಲಿ ಬೇಕೆಂದು ಮೇಜಿನೆದುರು ಕುಳಿತ ಅಧಿಕಾರಿಗೆ ಹೇಗೆ ತೋರಬೇಕು? ಕಳೆದ ವರ್ಷ ನಾವು ಒಂಬತ್ತನೆಯ ತರಗತಿಯವರಿಂದ ಶಾಲೆಯ ಸುತ್ತಲಿನ ನಕಾಶೆಯೊಂದನ್ನು ಬರೆಯಿಸಲು ಹೊರಟಾಗ ಈ ಮಾತನ್ನೇ ಪಾಲಕರ ಸಭೆಯಲ್ಲಿ ವಿವರಿಸಿದೆವು. ಆಗ ಗೌಂಡಿ ಕೆಲಸದ ಪಾಲಕರೊಬ್ಬರು ಎದ್ದು ನಿಂತು, “ಗುರುಗಳ, ನಮ್ಮ ಖೋಲಿ ನಕಾಶೆದಾಗ ಬಂತಂದ್ರ ನಾಳೆ ಬಂದು ಕೆಡವೂದಿಲ್ಲೇನ್ರಿ?” ಎಂದು ಕೇಳಿದರು. ಸಭೆಯು ಸ್ತಬ್ಧವಾಯಿತು. ಪ್ರಶ್ನೆಯು ಅಜ್ಞಾನದ್ದಲ್ಲ. ಕಾಣದವನಿಗೆ ಸೌಲಭ್ಯವಿಲ್ಲ, ಕಂಡವನಿಗೆ ನೆಲೆಯ ಭರವಸೆಯಿಲ್ಲ ಎಂಬ ಇಕ್ಕಟ್ಟಿನಲ್ಲಿರುವವನು ಮಾಹಿತಿಯನ್ನು ಹಂಚಿಕೊಳ್ಳಲು ಹಿಂಜರಿದರೆ ಅವನನ್ನು ದೂರಲಾಗದು.

ವಿಚಾರ ಮಾಡಿ, ನಕಾಶೆಯಲ್ಲಿ ಯಾರ ಖೋಲಿಯನ್ನೂ ಹೆಸರನ್ನೂ ತೋರಿಸಕೂಡದು, ಸಾರ್ವಜನಿಕ ವಸ್ತುಗಳನ್ನು ಮಾತ್ರ ತೋರಿಸಬೇಕು ಎಂದು ಗೊತ್ತುಪಡಿಸಿದೆವು: ನಳ, ದೀಪದ ಕಂಬ, ಗಟಾರದ ಬಾಯಿ, ಕಸದ ತೊಟ್ಟಿ, ಮಳೆಯ ನೀರು ನಿಲ್ಲುವ ಜಾಗ. ಇದು ಪೂರ್ಣ ಸಮಾಧಾನವೆಂದು ನಾವು ಹೇಳಲಾರೆವು. ಕೊರತೆಯು ಕಂಡರೂ ಕೊರತೆಯುಳ್ಳವರು ಕಾಣದ ನಕಾಶೆಯದು. ಆದರೂ ಪಾಲಕರು ಒಪ್ಪಿದ್ದು ಇಷ್ಟಕ್ಕೇ, ಮತ್ತು ಅವರ ಒಪ್ಪಿಗೆಯಿಲ್ಲದೆ ಮಾಡುವ ಅಧಿಕಾರವು ನಮಗಿರಲಿಲ್ಲ.

ಇದೇ ಕಾರ್ಯವನ್ನು ಕೈಗೊಳ್ಳಬಯಸುವ ಶಿಕ್ಷಕರಿಗಾಗಿ ನಮ್ಮ ಕ್ರಮವನ್ನು ಹೇಳುವೆವು. ಮಳೆಯು ಜೋರಾಗಿ ಬಿದ್ದು ನಿಂತ ಮೇಲೆ ಇಬ್ಬಿಬ್ಬರ ಎರಡು ತಂಡಗಳು ಒಂದೇ ಓಣಿಯನ್ನು ಬೇರೆ ಬೇರೆಯಾಗಿ ನಡೆದು ಗುರುತು ಹಾಕಬೇಕು. ಎರಡೂ ಕೂಡದಿದ್ದಲ್ಲಿ ಮತ್ತೆ ಹೋಗಿ ನೋಡಬೇಕು. ಪ್ರತಿ ಗುರುತಿಗೂ ದಿನಾಂಕ ಮತ್ತು ವೇಳೆ ಬೇಕು. ದಿನಾಂಕವಿಲ್ಲದ ಗುರುತನ್ನು ಎರಡು ವರ್ಷಗಳ ಮೇಲೆ ಯಾರೂ ನಂಬರು. ನೀರಿನ ಆಳವನ್ನು ‘ಬಹಳ’, ‘ಸ್ವಲ್ಪ’ ಎನ್ನದೆ ಮೊಣಕೈ-ಗೇಣುಗಳಲ್ಲಿಯಾದರೂ ಅಳೆಯಬೇಕು. ಗುರುತುಗಳ ವಿವರವನ್ನು ಕನ್ನಡ, ಕೊಂಕಣಿ, ಇಂಗ್ಲಿಷು ಮೂರರಲ್ಲಿಯೂ ಬರೆಯಬೇಕು. ಕನ್ನಡದಲ್ಲಿ ಮಾತ್ರ ಬರೆದರೆ ನಗರಪಾಲಿಕೆಯವರಿಗೆ ಉಪಯೋಗವಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ತಪ್ಪನ್ನು ತೋರಿಸಬಲ್ಲ ತಾಯಂದಿರಿಗೆ ಅದು ಓದಬರದು. ನಮ್ಮ ಮೊದಲ ಪ್ರತಿಯಲ್ಲಿ ಎರಡು ನಳಗಳ ಸ್ಥಾನವನ್ನು ತಿದ್ದಿದವರು ನೀರು ಹೊರುವ ತಾಯಂದಿರೇ.

ತಿದ್ದಿದ ನಕಾಶೆಯ ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕೊಟ್ಟಿದ್ದೇವೆ. ಇನ್ನೊಂದು ಶಾಲೆಯ ವಾಚನಾಲಯದ ಗೋಡೆಯ ಮೇಲಿದೆ. ಅದರ ಕೆಳಗೆ ದಾರ ಕಟ್ಟಿದ ಒಂದು ಸೀಸದಕಡ್ಡಿಯನ್ನು ತೂಗಹಾಕಿದ್ದೇವೆ. ಮಕ್ಕಳನ್ನು ಕರೆದೊಯ್ಯಲು ಬರುವ ಪಾಲಕರು ತಮ್ಮ ಓಣಿಯನ್ನು ಹುಡುಕಿ ನೋಡಿ, ತಪ್ಪಿದ್ದಲ್ಲಿ ಗುರುತು ಮಾಡಬೇಕಾಗಿ ವಿನಂತಿ.