ಶಿವರಾತ್ರಿಯಿಂದ ಹಿಂದಕ್ಕೆ ಎಣಿಸು

ಈ ಸಲ ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದೇ ಹೋಗುತ್ತೇನೆ ಅಂದೆಯಲ್ಲ, ಒಳ್ಳೆಯದು ಕಣಪ್ಪಾ. ಕರೆಸಿಕೊಳ್ಳುವವನು ಮಂಜುನಾಥ. ಆದರೆ ದಿನಕ್ಕೆಷ್ಟು ನಡೆಯಬೇಕು, ರಾತ್ರಿ ಎಲ್ಲಿ ತಂಗಬೇಕು ಅನ್ನುವ ಲೆಕ್ಕ ಮಾತ್ರ ನೀನೇ ಹಾಕಬೇಕು.

ರಜೆ ಸಿಕ್ಕ ದಿನದಿಂದ ಮುಂದಕ್ಕೆ ಎಣಿಸಬೇಡ. ತಲುಪಬೇಕಾದ ದಿನದಿಂದ ಹಿಂದಕ್ಕೆ ಎಣಿಸು. ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಹಾದಿ ಹಿಡಿದರೆ 300 ಕಿ.ಮೀ. ದಾಟುತ್ತದೆ, 325 ಅಂತಲೇ ಇಟ್ಟುಕೋ. ದಿನಕ್ಕೆ 25ರಂತೆ 13 ದಿನ. ಅದರ ಮೇಲೆ ಒಂದು ದಿನ ಖಾಲಿ ಬಿಡು. ಯಾರಿಗಾದರೂ ಜ್ವರ ಬರಬಹುದು, ಕಾಲು ಉಳುಕಬಹುದು. ಏನೂ ಆಗದಿದ್ದರೆ ಹಾಸನದಲ್ಲಿ ಬಟ್ಟೆ ಒಗೆದುಕೊಂಡು ಕಾಲು ಚಾಚಿ ಮಲಗು. ಶಿವರಾತ್ರಿಯ ಹಿಂದಿನ ಸಂಜೆಗೇ ಧರ್ಮಸ್ಥಳ ಸೇರುವಂತೆ ನೋಡಿಕೋ. ಅವತ್ತೇ ಬಂದು ಸರದಿಯಲ್ಲಿ ನಿಂತು ಜಾಗರಣೆಯನ್ನೂ ಮಾಡುತ್ತೇನೆ ಅಂದರೆ ದೇಹ ಕೇಳುವುದಿಲ್ಲ.

ದಿನಕ್ಕೆ 40 ಕಿ.ಮೀ. ನಡೆದು ಎಂಟೊಂಬತ್ತು ದಿನದಲ್ಲಿ ಮುಗಿಸುವ ತಂಡಗಳೂ ಇವೆ. ಅವರನ್ನು ನೋಡಿ ನಿನ್ನ ಲೆಕ್ಕ ಬದಲಿಸಬೇಡ. ನಿಮ್ಮ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರ ಕಾಲಿಗೆ ಎಷ್ಟು ಆಗುತ್ತದೋ ಅದೇ ನಿಮ್ಮೆಲ್ಲರ ದಿನದ ಅಳತೆ.

ಇನ್ನು 25 ಅನ್ನುವುದು ಬರೀ ಸರಾಸರಿ. ನೀರು, ಸೂರು ಎಲ್ಲಿದೆಯೋ ಅಲ್ಲಿಗೇ ದಿನ ಮುಗಿಯಬೇಕು. ಮೊದಲ ದಿನ ನೆಲಮಂಗಲ ಸಾಕು. ಹುಮ್ಮಸ್ಸಿದೆ ಅಂತ ಮುಂದೆ ಓಡಬೇಡ. ಅಲ್ಲಿಂದ ಸೋಲೂರು, ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ ಅಂತ ಹೆದ್ದಾರಿಯುದ್ದಕ್ಕೂ ಊರುಗಳು ಸಿಗುತ್ತವೆ. ಹತ್ತಿರ ಇರುವ ಎರಡನ್ನು ಕೂಡಿಸು, ದೂರ ಅನಿಸಿದ್ದನ್ನು ಒಡೆದುಕೋ. ಹಾಸನದಿಂದ ಬೇಲೂರು ಒಂದೇ ದಿನಕ್ಕೆ ಹೆಚ್ಚಾಗುತ್ತದೆ, ನಡುವೆ ಹಗರೆ ಇದೆ. ತಂಗುವುದು ಶಾಲೆಯಲ್ಲೋ ಛತ್ರದಲ್ಲೋ ದೇವಸ್ಥಾನದಲ್ಲೋ, ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆದುಕೋ. ಅಕ್ಕಿ, ಪಾತ್ರೆ, ಹಾಸಿಗೆಯ ಟೆಂಪೊ ಒಂದು ಊರು ಮುಂದಿದ್ದರೆ, ನೀವು ಹೋಗುವ ಹೊತ್ತಿಗೆ ಅನ್ನ ಬೆಂದಿರುತ್ತದೆ.

ಶಿವರಾತ್ರಿ ಹೊತ್ತಿಗೆ ಬಯಲುಸೀಮೆಯಲ್ಲಿ ಬಿಸಿಲು ಏರಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಟರೆ ಹತ್ತರೊಳಗೆ ದಿನದ ಮುಕ್ಕಾಲು ಪಾಲು ಮುಗಿಯುತ್ತದೆ. ಊಟ ಮಾಡಿ ಮಲಗು, ಬಿಸಿಲು ಇಳಿದ ಮೇಲೆ ಉಳಿದದ್ದು. ಬರಿಗಾಲಿನ ಹರಕೆ ಹೊತ್ತವರಂತೂ ಡಾಂಬರು ಕಾಯುವ ಮುಂಚೆಯೇ ನಿಲ್ಲಬೇಕು. ನಸುಕಿನಲ್ಲಿ ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಗಡೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮುಂದಿನವರ ಕೈಯಲ್ಲೂ ಕೊನೆಯವರ ಕೈಯಲ್ಲೂ ಟಾರ್ಚ್ ಇರಲಿ, ಚೀಲದ ಮೇಲೆ ಮಿನುಗುವ ಪಟ್ಟಿ ಅಂಟಿಸಿ.

ಘಾಟಿಯ ದಿನವನ್ನು ಬೇರೆಯಾಗಿಯೇ ಯೋಚಿಸು. ಶಿರಾಡಿಯಲ್ಲಿ ಲಾರಿ, ಟ್ಯಾಂಕರ್‌ಗಳ ಕಾಟ. ಅದಕ್ಕೇ ಚಾರ್ಮಾಡಿ ಅಂದದ್ದು. ಅಲ್ಲಿಯೂ ಹುಷಾರಾಗಿರಬೇಕು. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಗೆ, ಅಮಾವಾಸ್ಯೆಯ ಹಿಂದಿನ ದಿನ. ಸಂಜೆ ಬೆಳದಿಂಗಳು ಸಿಗುವುದಿಲ್ಲ, ಕಾಡಾನೆಗಳ ಓಡಾಟವೂ ಉಂಟು. ಹಿಂದಿನ ರಾತ್ರಿ ಕೊಟ್ಟಿಗೆಹಾರದಲ್ಲಿ ಉಳಿದು, ಬೆಳಕು ಹರಿದ ಮೇಲೆ ಇಳಿಯಲು ಶುರುಮಾಡಿ. ನಡುವೆ ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಸ್ವಲ್ಪ ಕೂತು, ಹಗಲಿನಲ್ಲೇ ಚಾರ್ಮಾಡಿ ಊರು ಸೇರಿಕೊಳ್ಳಿ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಕಾಲ್ಬೆರಳು ಶೂಗೆ ತಾಗಿ ಉಗುರು ಕಪ್ಪಾಗುತ್ತದೆ. ಹಿಂದಿನ ದಿನವೇ ಉಗುರು ಕತ್ತರಿಸಿಕೋ. ಕುಡಿದ ಬಾಟಲಿ, ತಿಂದ ಪೊಟ್ಟಣ ಕಾಡಿಗೆ ಎಸೆಯದೆ ಚೀಲದಲ್ಲೇ ಕೆಳಕ್ಕೆ ತನ್ನಿ.

ಹೊಸ ಶೂ ಹಾಕಿಕೊಂಡು ಹೊರಡುವುದೆಂದರೆ ಬೊಬ್ಬೆಯನ್ನು ಮನೆಗೆ ಕರೆದ ಹಾಗೆ. ಒಂದು ತಿಂಗಳು ಹಾಕಿ ಪಳಗಿಸಿದ್ದೇ ಇರಲಿ. ಬೊಬ್ಬೆ ಬಂದರೆ ಒಡೆಯಬೇಡ, ಮೇಲೆ ಪಟ್ಟಿ ಕಟ್ಟು. ತೊಡೆ ಉಜ್ಜುವ ಕಡೆ ಬೆಳಗ್ಗೆಯೇ ಕೊಬ್ಬರಿ ಎಣ್ಣೆ ಸವರು. ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ನಿಂಬೆ ಪಾನಕವೋ ಓಆರ್‌ಎಸ್ಸೋ ಬೇಕು. ಬಿಪಿ, ಶುಗರ್ ಇರುವವರು ಮಾತ್ರೆಯನ್ನು ಟೆಂಪೊಗೆ ಹಾಕದೆ ಮೈಮೇಲೇ ಇಟ್ಟುಕೊಳ್ಳಲಿ. ಅಭ್ಯಾಸ ಮಾಡುವಾಗ ಭಾನುವಾರವೊಂದೇ ನಡೆದರೆ ಏನೂ ತಿಳಿಯುವುದಿಲ್ಲ. ಶನಿವಾರ 15 ಕಿ.ಮೀ. ನಡೆದು ಭಾನುವಾರ ಮತ್ತೆ 15 ನಡೆ. ನೊಂದ ಕಾಲಿನಲ್ಲಿ ಎದ್ದು ನಡೆಯುವುದು ಹೇಗೆಂದು ಎರಡನೆಯ ದಿನವೇ ಕಲಿಸುತ್ತದೆ.

ಉಜಿರೆ ದಾಟಿದ ಮೇಲೆ ಅವಸರ ಬೇಡ. ನೇತ್ರಾವತಿಯಲ್ಲಿ ಮಿಂದು, ದರ್ಶನ ಮಾಡಿ, ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿ. ವಾಪಸು ಬರುವ ಬಸ್ಸಿಗೆ ಬೆಂಗಳೂರಿನಲ್ಲಿರುವಾಗಲೇ ಟಿಕೆಟ್ ಮಾಡಿಸಿಬಿಡು; ಶಿವರಾತ್ರಿ ಮಾರನೆಯ ದಿನ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕಾಲು ಊದಿಕೊಂಡು ನೆಲಕ್ಕೆ ಊರಲಾಗದಿದ್ದರೆ ಹಟ ಮಾಡಬೇಡ, ಬಸ್ ಹತ್ತು. ಅದರಲ್ಲಿ ಅವಮಾನವೇನೂ ಇಲ್ಲ. ಉಳಿದ ಹಾದಿಯನ್ನು ಬರುವ ವರ್ಷ ನಡೆದರಾಯಿತು.