ಹಿಗ್ಗಿದ ಲೋಹಕ್ಕೆ ಹಿಡಿತ ಜಾಸ್ತಿ

ಪ್ರಶ್ನೆ: ಬೈಕಿನ ಸೈಲೆನ್ಸರಿನಲ್ಲಿ ಹೊಗೆ ಸೋಸುವ ಲೋಹ ಇರುತ್ತದಂತೆ. ಅಂಥ ಲೋಹವನ್ನು ಎಳೆದು ಹಿಗ್ಗಿಸಿದರೆ ಅದರ ಗುಣವೇ ಬದಲಾಗುತ್ತದೆ ಎಂದು ಓದಿದೆ. ಬರೀ ಎಳೆದರೆ ಗುಣ ಹೇಗೆ ಬದಲಾದೀತು? ಹಾಗಾದರೆ ಸೈಲೆನ್ಸರ್ ಬಡಿದು ಬಗ್ಗಿಸಿದರೂ ಬದಲಾಗುತ್ತದೆಯೇ?
– ಓದುಗರೊಬ್ಬರು, ಮನೋಳಿ

ನೀವು ಓದಿದ್ದು ನಿಜ. ಆದರೆ ಆ ಲೋಹ ಹೊಗೆಯನ್ನು ಸೋಸುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ಪೆಟ್ರೋಲ್ ಬೈಕುಗಳಲ್ಲಿ ಹೊಗೆ ಹೋಗುವ ದಾರಿಯಲ್ಲೊಂದು ಜೇನುಹುಟ್ಟಿನಂಥ ತುಂಡು ಇರುತ್ತದೆ. ಅದರ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳ ಅತಿಸಣ್ಣ ಕಣಗಳನ್ನು ಹಚ್ಚಿರುತ್ತಾರೆ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅಣು ಬಂದು ರೋಡಿಯಂ ಮೇಲೆ ಕೂತಿತೆನ್ನಿ. ಲೋಹ ಅದನ್ನು ಹಿಡಿದು ಎರಡಾಗಿ ಒಡೆಯುತ್ತದೆ. ಸಾರಜನಕದ ಪರಮಾಣುಗಳು ಜೋಡಿಯಾಗಿ ಗಾಳಿಗೆ ಮರಳುತ್ತವೆ, ಆಮ್ಲಜನಕವು ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಸೇರಿ ಅದನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಲೋಹ ಮಾತ್ರ ಖರ್ಚಾಗದೆ ಅಲ್ಲೇ ಉಳಿಯುತ್ತದೆ. ಇದೇ ಕ್ರಿಯಾವರ್ಧಕದ ಕೆಲಸ.

ಎಲ್ಲವೂ ನಿಂತಿರುವುದು ಲೋಹ ಅಣುವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಮೇಲೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದ ನಿಮಗೆ ಇದು ಬೇಗ ಹೊಳೆದೀತು. ಗದ್ದಲದಲ್ಲಿ ತಪ್ಪಿಸಿಕೊಂಡಾರೆಂದು ಮನೆಮಂದಿಯೆಲ್ಲ ಕೈಕೈ ಹಿಡಿದು ಒತ್ತಾಗಿ ನಡೆಯುವಾಗ, ಎದುರಾದ ನೆಂಟರ ಕೈ ಹಿಡಿಯಲು ಯಾರ ಕೈಯೂ ಖಾಲಿ ಇರುವುದಿಲ್ಲ. ಗುಂಪು ಸಡಿಲಾದರೆ ಕೈ ಬಿಡುವಾಗುತ್ತದೆ. ಲೋಹದ ಪರಮಾಣುಗಳೂ ಹಾಗೆಯೇ. ಅವುಗಳ ನಡುವಿನ ಅಂತರ ಹಿಗ್ಗಿದಾಗ ಬಂಧ ಕಟ್ಟುವ ಡಿ-ಎಲೆಕ್ಟ್ರಾನುಗಳು ನೆರೆಯ ಪರಮಾಣುಗಳೊಡನೆ ಬೆರೆಯುವುದು ಕಡಿಮೆಯಾಗಿ, ಅವುಗಳ ಶಕ್ತಿಪಟ್ಟಿ, ಅಂದರೆ ಡಿ-ಪಟ್ಟಿ, ಕಿರಿದಾಗಿ ಮೇಲಕ್ಕೆ ಸರಿಯುತ್ತದೆ. ಹೊಸ ಅಣುವಿನ ಜತೆ ಬಂಧ ಗಟ್ಟಿಯಾಗುತ್ತದೆ. ಒತ್ತಿ ಕುಗ್ಗಿಸಿದರೆ ಹಿಡಿತ ಸಡಿಲ. ಪ್ಲಾಟಿನಂ, ರೋಡಿಯಂ, ನಿಕ್ಕಲ್‌ನಂಥ, ಡಿ-ಪಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿದ ಲೋಹಗಳ ಮಾತಿದು.

ಇದನ್ನು ಕಣ್ಣಿಗೆ ಕಾಣಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. 1998ರಲ್ಲಿ ಮ್ಯೂನಿಕ್‌ನ ವಿಜ್ಞಾನಿಗಳು ರುಥೇನಿಯಂ ಲೋಹದ ಮೇಲ್ಪದರದ ಕೆಳಗೆ ಆರ್ಗಾನ್ ಅನಿಲ ತುಂಬಿದರು. ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ ಮೇಲ್ಮೈ ಅಲ್ಲಲ್ಲಿ ಉಬ್ಬಿತು. ಉಬ್ಬಿನ ನೆತ್ತಿಯಲ್ಲಿ ಲೋಹ ಹಿಗ್ಗಿರುತ್ತದೆ, ಬುಡದ ಸುತ್ತ ಕುಗ್ಗಿರುತ್ತದೆ. ಆಮ್ಲಜನಕ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪರಮಾಣುಗಳು ನೆತ್ತಿಯ ಮೇಲೆ ಗುಂಪುಗೂಡಿದ್ದವು, ಬುಡವನ್ನು ಬಿಟ್ಟುಕೊಟ್ಟಿದ್ದವು. ಲೋಹ ಅದೇ, ಅನಿಲವೂ ಅದೇ. ಬೇರೆಯಾಗಿದ್ದುದು ಅಂತರವೊಂದೇ.

ನಮ್ಮ ರಾಜ್ಯದಲ್ಲೂ ಇದರ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಶೋಭನಾ ನರಸಿಂಹನ್ ಮತ್ತು ಸಹೋದ್ಯೋಗಿಗಳು ನಿಮ್ಮ ಬೈಕಿಗೆ ಸಂಬಂಧಪಟ್ಟ ಜೋಡಿಯನ್ನೇ, ಅಂದರೆ ರೋಡಿಯಂ ಮತ್ತು ನೈಟ್ರಿಕ್ ಆಕ್ಸೈಡನ್ನು, ಎತ್ತಿಕೊಂಡರು. ಮೆಗ್ನೀಷಿಯಂ ಆಕ್ಸೈಡಿನ ಮೇಲೆ ಹಾಸಿದ ತೆಳು ರೋಡಿಯಂ ಪದರ ಅವರ ಲೆಕ್ಕಾಚಾರದಲ್ಲಿತ್ತು. ಕೆಳಗಿನದರ ಜಾಲದ ಅಳತೆ 0.421 ನ್ಯಾನೋಮೀಟರ್, ರೋಡಿಯಂನದು 0.380. ಕೆಳಗಿನ ಅಳತೆಗೆ ಹೊಂದಬೇಕಾದರೆ ರೋಡಿಯಂ ಶೇ. 10ಕ್ಕಿಂತ ಹೆಚ್ಚು ಹಿಗ್ಗಬೇಕು! ಒಂದು ಪರಮಾಣುವಿಗೆ ನೆರೆಯವರು ಎಷ್ಟು ಮಂದಿ, ಎಷ್ಟು ಹತ್ತಿರ ಎಂಬೆರಡನ್ನೂ ಸೇರಿಸಿದ ಒಂದೇ ಸಂಖ್ಯೆಯಿಂದ ಅಣುವಿನ ಹಿಡಿತವನ್ನು ಅಂದಾಜು ಮಾಡಬಹುದು ಎಂದು 2009ರಲ್ಲಿ ಅವರು ತೋರಿಸಿದರು. ಗುಡ್ಡದ ಗುಂಪಿನಲ್ಲಿ ಎಷ್ಟು ಕೈ ಖಾಲಿ ಇವೆ ಎಂದು ಎಣಿಸಿದ ಹಾಗೆ.

ಹಿಡಿತ ಬಿಗಿಯಾದಷ್ಟೂ ಒಳ್ಳೆಯದು ಎಂದಲ್ಲ. ತೀರಾ ಬಿಗಿಯಾದರೆ ಒಡೆದ ಚೂರುಗಳು ಅಲ್ಲೇ ಅಂಟಿ ಜಾಗ ಕಟ್ಟುತ್ತವೆ. ಹೈಡ್ರೋಜನ್ ಇಂಧನಕೋಶದಲ್ಲಿ ಪ್ಲಾಟಿನಂಗೆ ಬಂದ ತೊಂದರೆ ಇದೇ: ಆಮ್ಲಜನಕವನ್ನು ಅದು ತುಸು ಹೆಚ್ಚೇ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ತಾಮ್ರ ಬೆರೆತ ತಿರುಳಿನ ಮೇಲೆ ಪ್ಲಾಟಿನಂ ಸಿಪ್ಪೆ ಬರುವಂತೆ ಮಾಡುತ್ತಾರೆ. ತಾಮ್ರದ ಪರಮಾಣುಗಳ ಅಂತರ 0.256 ನ್ಯಾನೋಮೀಟರ್, ಪ್ಲಾಟಿನಂನದು 0.277. ಸಿಪ್ಪೆ ಕುಗ್ಗಿ, ಹಿಡಿತ ಹದಕ್ಕೆ ಬರುತ್ತದೆ.

ಇನ್ನು ಬಡಿದು ಬಗ್ಗಿಸುವ ಮಾತು. ದಪ್ಪ ಲೋಹವನ್ನು ಎಳೆದರೆ ಶೇ. 1ರಷ್ಟು ಹಿಗ್ಗುವ ಮೊದಲೇ ಪರಮಾಣು ಸಾಲುಗಳು ಒಂದರ ಮೇಲೊಂದು ಜಾರಿ ಮತ್ತೆ ಹಳೆಯ ಅಂತರಕ್ಕೇ ಹತ್ತಿರವಾಗುತ್ತವೆ. ದೊಡ್ಡ ಹಿಗ್ಗು ನಿಲ್ಲುವುದು ಕೆಲವೇ ಪರಮಾಣು ದಪ್ಪದ ಪದರಗಳಲ್ಲಿ, ನ್ಯಾನೋ ಕಣಗಳಲ್ಲಿ. ಸೈಲೆನ್ಸರ್ ಬಡಿದರೆ ಆ ಕಣಗಳಿಗೆ ಸುದ್ದಿಯೂ ತಲುಪುವುದಿಲ್ಲ. ಒಳಗಿನ ಜೇನುಹುಟ್ಟು ನಜ್ಜಾದರೆ ಮಾತ್ರ ಕಿಂಡಿಗಳು ಮುಚ್ಚಿ ಹೊಗೆಗೆ ದಾರಿ ಕಟ್ಟುತ್ತದೆ. ಆದ್ದರಿಂದ ಬಗ್ಗಿದ ಸೈಲೆನ್ಸರನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿಸುವ ಮೊದಲು, ಆ ತುಂಡು ಕೊಳವೆಯ ಯಾವ ಜಾಗದಲ್ಲಿದೆ ಎಂದು ಮೆಕ್ಯಾನಿಕ್‌ನನ್ನು ಕೇಳಿಕೊಳ್ಳಿ.